ನಲವತ್ತು ಹೆಂಗಸರಿಗೆ ಖಾತೆ ಮಾಡಿಕೊಟ್ಟವನು

ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತೈದು ವರ್ಷ ಕೂತವನು ನಗುವುದಕ್ಕೆ ಅಂತ ನಾಟಕ ನೋಡಲು ಹೋಗಬೇಕಾಗಿಲ್ಲ. ಹತ್ತೂವರೆಗೆ ಬಾಗಿಲು ತೆಗೆದರೆ ಸಾಕು, ನಾಟಕವೇ ಚಪ್ಪಲಿ ಬಿಟ್ಟು ಒಳಗೆ ಬರುತ್ತೆ. ಚಪ್ಪಲಿ ಬಿಟ್ಟು ಅಂತ ಸುಮ್ಮನೆ ಹೇಳಲಿಲ್ಲ. ಆಗ ನಮ್ಮ ಹಾಸನ ಸೀಮೆಯಲ್ಲಿ ಬ್ಯಾಂಕಿಗೆ ಬರುವವರು ಚಪ್ಪಲಿಯನ್ನು ಮೆಟ್ಟಿಲ ಹತ್ತಿರ ಬಿಟ್ಟು, ಕ್ಯಾಷಿಯರಿಗೆ ಕೈಮುಗಿದು ನಿಲ್ಲುತ್ತಿದ್ದರು. ಕೆಲವರು ತೀರ್ಥ ಕೊಡುತ್ತಾರೇನೋ ಅನ್ನುವ ಹಾಗೆ ಬಲಗೈಯನ್ನೂ ಚಾಚುತ್ತಿದ್ದರು.

ಈ ಕಥೆಗಳನ್ನು ಮನೆಯಲ್ಲಿ ಹೇಳಲು ಶುರುಮಾಡಿದರೆ "ಇದು ನೂರನೇ ಸಲ" ಅಂತ ಎಲ್ಲರೂ ಎದ್ದುಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ನಡುವೆ ಬಾಯಿ ಹಾಕುವ ಹಾಗಿಲ್ಲವಲ್ಲ!

ನಯಾಪೈಸೆ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಹಾಸನದ ಒಂದು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ್ದೆ. ಕೆಲಸ ಖಾಯಂ ಅಲ್ಲ. ಸ್ವಲ್ಪ ಕಾಲ ನೋಡುತ್ತಾರೆ, ಬೇಕಾದರೆ ಇಟ್ಟುಕೊಳ್ಳುತ್ತಾರೆ. ಶಾಖೆಯ ಮುಖ್ಯಸ್ಥರನ್ನು ಆಗ ಮ್ಯಾನೇಜರ್ ಅನ್ನುತ್ತಿರಲಿಲ್ಲ, ಏಜೆಂಟರು ಅನ್ನುತ್ತಿದ್ದರು. ನಮ್ಮ ಏಜೆಂಟರು ಮೊದಲ ದಿನವೇ ಕರೆದು ಹೇಳಿದರು: "ಅರಕಲಗೂಡಿನಲ್ಲಿ ಹೊಸ ಶಾಖೆ ತೆಗೀತೀವಿ ಕಣಯ್ಯ. ನಾನೂ ಅಲ್ಲಿಗೇ ಹೋಗ್ತೀನಿ, ನಿನ್ನನ್ನೂ ಕರ್ಕೊಂಡು ಹೋಗ್ತೀನಿ. ಒಂದು ವರ್ಷದೊಳಗೆ ಅಲ್ಲಿ ಇನ್ನೂರು ಉಳಿತಾಯದ ಅಕೌಂಟು ಆಗಬೇಕು. ಆದರೆ ನೀನು ಖಾಯಂ. ಆಗದಿದ್ದರೆ ಆ ಶಾಖೆಗೂ ಬೀಗ, ನಿನ್ನ ಕೆಲಸಕ್ಕೂ ಬೀಗ."

ಬರೀ ಕೆಲಸವಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಆ ಕಡೆ ಚನ್ನರಾಯಪಟ್ಟಣದಲ್ಲಿ ಒಬ್ಬ ಲೆಕ್ಕದ ಮೇಷ್ಟ್ರು ನನಗೆ ಮಗಳನ್ನು ಕೊಡಲು ಒಪ್ಪಿದ್ದರು. ಹಿರೀಸಾವೆ ಹತ್ತಿರ ನಮ್ಮಪ್ಪ ಬಿಟ್ಟುಹೋಗಿದ್ದ ಎರಡು ಎಕರೆ ಹೊಲವನ್ನು ಖುದ್ದಾಗಿ ಹೋಗಿ ಹೆಜ್ಜೆ ಹಾಕಿ ಅಳೆದು ಬಂದಿದ್ದರು. ಕೊನೆಗೆ ಹೇಳಿದ್ದು ಇಷ್ಟು: "ಹೊಲ ಸರಿಯಾಗಿದೆ. ಕೆಲಸ ಖಾಯಂ ಆಗಲಿ, ಮಾರನೇ ದಿನವೇ ಲಗ್ನಪತ್ರಿಕೆ. ಆಗಲಿಲ್ಲವೋ, ನೀನು ಯಾರೋ ನಾನು ಯಾರೋ." ಹುಡುಗಿಯನ್ನು ನಾನು ನೋಡಿದ್ದು ಒಂದೇ ಸಲ, ಉಪ್ಪಿಟ್ಟಿನ ತಟ್ಟೆ ತಂದಿಟ್ಟಾಗ. ಅವಳು ತಲೆಯೆತ್ತಿ ನೋಡಿದ್ದು ಅರ್ಧ ಸಲ. ನನಗೆ ಅಷ್ಟೇ ಸಾಕಾಗಿತ್ತು. ಇನ್ನೂರು ಅಕೌಂಟು ಅಂದರೆ ನನ್ನ ಪಾಲಿಗೆ ಆ ಹುಡುಗಿ, ಅಷ್ಟೆ.

೧. ಹಿತ್ತಾಳೆ ಬಿಲ್ಲೆ

ಅರಕಲಗೂಡಿನ ಶಾಖೆ ತೆರೆಯುವ ತನಕ ಕೆಲಸ ಕಲಿಯಲಿ ಅಂತ ಹಾಸನದಲ್ಲೇ ಕೂರಿಸಿದರು. ಆಗ ದುಡ್ಡು ತೆಗೆಯುವುದಕ್ಕೆ ಒಂದು ಕ್ರಮ ಇತ್ತು. ಗಿರಾಕಿ ಚೀಟಿ ಬರೆದುಕೊಟ್ಟರೆ ನಾವು ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ ಒಂದನ್ನು ಕೊಡುತ್ತಿದ್ದೆವು. ಕ್ಯಾಷಿಯರು ಆ ನಂಬರು ಕೂಗಿದಾಗ ಬಿಲ್ಲೆ ವಾಪಸು ಕೊಟ್ಟು ದುಡ್ಡು ತೆಗೆದುಕೊಳ್ಳಬೇಕು.

ಕಟ್ಟಾಯದ ಕಡೆಯ ಒಬ್ಬ ರೈತರು ಆಲೂಗಡ್ಡೆ ಮಾರಿದ ದುಡ್ಡನ್ನು ನಮ್ಮಲ್ಲಿಟ್ಟಿದ್ದರು. ಒಂದು ದಿನ ಇಪ್ಪತ್ತೈದು ರೂಪಾಯಿ ಬೇಕು ಅಂತ ಬಂದರು. ನಾನು ಚೀಟಿ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಹದಿನೇಳನೇ ನಂಬರಿನ ಬಿಲ್ಲೆ ಕೈಗಿಟ್ಟು, "ಇದನ್ನ ಇಟ್ಕೊಳ್ಳಿ" ಅಂದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಕೈಮುಗಿದು, ಇಟ್ಟುಕೊಂಡರು. ಹಾಗೇ ಊರಿಗೂ ಹೋದರು.

ಕ್ಯಾಷಿಯರು "ಹದಿನೇಳು! ಹದಿನೇಳು!" ಅಂತ ಸಾಯಂಕಾಲದ ತನಕ ಕೂಗಿದರು. ಏಜೆಂಟರು ನನ್ನನ್ನು ಕರೆದು, "ಆ ಬಿಲ್ಲೆ ಬೇರೆ ಯಾರ ಕೈಗಾದರೂ ಸಿಕ್ಕಿ ಅವರು ಬಂದು ದುಡ್ಡು ತಗೊಂಡರೆ, ನೀನು ಅರಕಲಗೂಡಿಗೆ ಹೋಗೋ ಪ್ರಮೇಯವೇ ಬರಲ್ಲ" ಅಂದರು. ಉಪ್ಪಿಟ್ಟಿನ ತಟ್ಟೆ ಕಣ್ಣಮುಂದೆ ಬಂತು. ಭಾನುವಾರ ಬಾಡಿಗೆ ಸೈಕಲ್ ಹತ್ತಿ ಕಟ್ಟಾಯದ ದಾರಿ ಹಿಡಿದೆ.

ಆ ರೈತರ ಮನೆ ಮುಂದೆ ಎರಡು ವರ್ಷದ ಮಗುವೊಂದು ಬರೀ ಉಡಿದಾರದಲ್ಲಿ ಓಡಾಡುತ್ತಿತ್ತು. ಉಡಿದಾರದ ಮುಂದುಗಡೆ, ಎಲ್ಲಿರಬೇಕೋ ಸರಿಯಾಗಿ ಅಲ್ಲಿ, ನಮ್ಮ ಬ್ಯಾಂಕಿನ ಹದಿನೇಳನೇ ನಂಬರು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು!

"ಯಜಮಾನ್ರೇ, ಇದೇನು ಮಾಡಿದ್ರಿ? ನಿಮ್ಮ ಇಪ್ಪತ್ತೈದು ರೂಪಾಯಿ ಅಲ್ಲೇ ಬಿಟ್ಟು ಬಂದ್ರಲ್ಲ?"

"ಅಯ್ಯೋ ಸಾ, ಅಂತಾ ದೊಡ್ಡ ಬಿಲ್ಲೆ ಇನಾಮು ಕೊಟ್ರಲ್ಲ ನೀವು. ಅದ್ನ ಇಸ್ಕಂಡು ಮತ್ತೆ ದುಡ್ಡೂ ಕೊಡಿ ಅಂತ ಎಂಗ್ ಕೇಳಾದು? ನಾಚ್ಕೆ ಆಯ್ತು, ಬಂದ್ಬುಟ್ಟೆ."

ಜೊತೆಗೆ ತಂದಿದ್ದ ಅವರ ದುಡ್ಡು ಕೊಟ್ಟು, ಮಗು ಕಿರುಚಿಕೊಳ್ಳುತ್ತಿದ್ದರೂ ಬಿಲ್ಲೆ ಬಿಚ್ಚಿಸಿಕೊಂಡು ಬಂದೆ. ಏಜೆಂಟರು ಬಿಲ್ಲೆ ನೋಡಿ ಸಮಾಧಾನಪಟ್ಟರು, ನಾನು ಏಜೆಂಟರ ಮುಖ ನೋಡಿ ಸಮಾಧಾನಪಟ್ಟೆ. ಮುಂದಿನ ವಾರ ಅದೇ ಊರಿನಿಂದ ನಾಲ್ಕು ಜನ ಬಂದು ಹೊಸದಾಗಿ ಅಕೌಂಟು ತೆಗೆದರು. ಎಲ್ಲಾ ಆದಮೇಲೂ ಕೌಂಟರು ಬಿಟ್ಟು ಕದಲಲಿಲ್ಲ. "ಇನ್ನೇನಪ್ಪಾ?" ಅಂದೆ. ಅವರಲ್ಲಿ ಹಿರಿಯ ಕೆಮ್ಮಿ ಗಂಟಲು ಸರಿಮಾಡಿಕೊಂಡ: "ಮನೇಲಿ ಐಕ್ಳು ಕಾಯ್ತಾ ಅವೆ ಸಾ. ದುಡ್ಡು ಯಾವಾಗಾದ್ರೂ ತಗತೀವಿ. ಬಿಲ್ಲೆ ಕೊಟ್ಬುಡಿ."

೨. ಉಳಿದವರು

ಅದಾದ ಮೇಲೆ ಹೊಳೆನರಸೀಪುರದ ಶಾಖೆಯಲ್ಲಿ ಒಬ್ಬ ಗುಮಾಸ್ತರು ರಜಾ ಹಾಕಿದರು ಅಂತ ನನ್ನನ್ನು ಒಂದು ತಿಂಗಳು ಅಲ್ಲಿಗೆ ಅಟ್ಟಿದರು. ಅಲ್ಲೊಬ್ಬರು ಬಟ್ಟೆ ಅಂಗಡಿಯ ಯಜಮಾನರು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಸೇರಿಸಿ ಅಕೌಂಟು ಮಾಡಬೇಕು ಅಂತ ಹೆಂಡತಿಯನ್ನೂ ಕರೆದುಕೊಂಡು ಬಂದರು. ನಾನು ಬಿ.ಎ. ಓದಿದ ಗತ್ತಿನಲ್ಲಿ ಫಾರಮ್ಮನ್ನು ಕನ್ನಡಕ್ಕೆ ತಿರುಗಿಸಿ ಜೋರಾಗಿ ಓದಿದೆ: "ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು, ಹಣ ತೆಗೆಯಬಹುದು."

"ಉಳಿದವರು ಅಂದ್ರೆ?" ಅಂದರು ಯಜಮಾನರು.

"ಒಬ್ಬರು ಹೋದ ಮೇಲೆ ಇರೋವರು."

"ಎಲ್ಲಿಗೆ ಹೋದ ಮೇಲೆ?"

ನಾನು ಮೇಲೆ ನೋಡಿದೆ. ಅವರೂ ಮೇಲೆ ನೋಡಿದರು. ಮಾಡಿನ ಹೆಂಚು ಬಿಟ್ಟರೆ ಏನೂ ಕಾಣಲಿಲ್ಲ. ಆಕೆಗೆ ಮಾತ್ರ ಥಟ್ಟನೆ ಅರ್ಥವಾಯಿತು.

"ಅಯ್ಯೋ ರಾಮ! ದುಡ್ಡಿಡೋಕೆ ಬಂದರೆ ಸಾಯೋದು ಯಾರು ಅಂತ ಕೇಳ್ತಾರಲ್ರೀ! ನೋಡಪ್ಪಾ, ನಾನು ಮುತ್ತೈದೆಯಾಗಿ ಇವರಿಗಿಂತ ಮುಂಚೆ ಹೋಗೋಳು. ಬೇಕಾದರೆ ಹಾಗೇ ಬರಕೋ."

"ನೀನು ಮುಂಚೆ ಹೋದರೆ ನನಗೆ ಕಾಫಿ ಯಾರೇ ಮಾಡಿಕೊಡ್ತಾರೆ?" ಅಂತ ಯಜಮಾನರು ರೇಗಿದರು.

"ಹೋಟೆಲಿಗೆ ಹೋಗಿ. ಈಗೇನು ಕಮ್ಮಿ ಹೋಗ್ತೀರಾ?"

"ನಾನು ಬಿಡಲ್ಲ. ಮೊದಲು ನಾನು."

"ಅದು ಹೇಗೆ ಹೋಗ್ತೀರೋ ನಾನೂ ನೋಡ್ತೀನಿ!"

ಸರದಿಯಲ್ಲಿ ನಿಂತಿದ್ದವರು ಎರಡು ಪಕ್ಷವಾದರು. ಇಬ್ಬರೂ ಎದ್ದು ಹೊರಡುವ ಹಂತಕ್ಕೆ ಬಂತು. ಬಂದ ಗಿರಾಕಿಯನ್ನು ಹೊರಗೆ ಕಳಿಸಿದ ಅಂತ ಹಾಸನಕ್ಕೆ ಸುದ್ದಿ ಹೋದರೆ ನನ್ನ ಗತಿ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಅಮ್ಮಾ, ನನ್ನದೇ ತಪ್ಪು. ಉಳಿದವರು ಅಂದರೆ ಸಾಯೋ ಮಾತಲ್ಲ. ಉಳಿದವರು ಅಂದರೆ ಉಳಿತಾಯ ಮಾಡಿದವರು ಅಂತ."

ಆಕೆಯ ಮುಖ ಅರಳಿತು. ಕುರ್ಚಿ ಎಳೆದುಕೊಂಡು ಭದ್ರವಾಗಿ ಕೂತರು. "ಹಾಗೆ ಬಿಡಿಸಿ ಹೇಳಬಾರದೇನಪ್ಪಾ? ಹಾಗಾದರೆ ಇವರ ಹೆಸರು ಹೊಡೆದುಹಾಕು. ಮದುವೆಯಾದಾಗಿಂದ ಒಂದು ಕಾಸು ಉಳಿಸಿದ ಮಹಾರಾಯರಲ್ಲ ಇವರು!"

೩. ಅರಿಶಿನದ ನೋಟು

ಅರಕಲಗೂಡಿನಲ್ಲಿ ಶಾಖೆ ತೆರೆದದ್ದು ಒಂದು ಹೆಂಚಿನ ಮನೆಯ ಮುಂದಿನ ಪಡಸಾಲೆಯಲ್ಲಿ. ಏಜೆಂಟರು, ನಾನು, ಒಬ್ಬ ಕ್ಯಾಷಿಯರು, ಒಂದು ಕಬ್ಬಿಣದ ಪೆಟ್ಟಿಗೆ. ಮೊದಲ ತಿಂಗಳು ಆದ ಅಕೌಂಟು ಒಂಬತ್ತು. ಹತ್ತನೆಯದು ಹೊಗೆಸೊಪ್ಪು ಬೆಳೆಯುವ ಒಬ್ಬ ಅಜ್ಜನದು. ಹತ್ತು ರೂಪಾಯಿಯ ಹತ್ತು ನೋಟು ತಂದು ಇಟ್ಟ. ಮುಂದಿನ ಶುಕ್ರವಾರ ಮತ್ತೆ ಬಂದ.

"ಸಾ, ನನ್ ದುಡ್ಡು ಒಂದ್ಸಲಿ ತೋರ್ಸಿ, ನೋಡ್ಕಂಡ್ ಓಯ್ತೀನಿ."

ಪಾಸ್ ಬುಕ್ಕಿನಲ್ಲಿ ಬರೆದಿದೆಯಲ್ಲ ಅಂದೆ. "ಬರ್ದಿರಾದು ಬ್ಯಾಡ ಸಾ, ದುಡ್ಡು" ಅಂದ. ಹತ್ತು ನೋಟು ತೆಗೆದು ತೋರಿಸಿದೆ. ಮುಟ್ಟಿಯೂ ನೋಡಲಿಲ್ಲ.

"ಇವು ನನ್ನವಲ್ಲ. ನಾನು ನೋಟಿಗೆ ಅರಿಶಿನ ಸವರಿ, ದೇವ್ರ ಮುಂದ್ ಮಡಗಿ ತಂದಿದ್ದೆ. ನನ್ ನೋಟು ನಂಗೆ ಗೊತ್ತಾಗಕಿಲ್ವಾ?"

ಬ್ಯಾಂಕಿಗೆ ಬಂದ ದುಡ್ಡು ಓಡಾಡುತ್ತಿರುತ್ತೆ, ಒಬ್ಬರು ಇಟ್ಟದ್ದು ಇನ್ನೊಬ್ಬರಿಗೆ ಹೋಗುತ್ತೆ, ನಿಮ್ಮ ಲೆಕ್ಕ ಮಾತ್ರ ಅಲುಗಾಡೋದಿಲ್ಲ ಅಂತ ಕಾಲು ಗಂಟೆ ಪಾಠ ಹೇಳಿದೆ. ಎಲ್ಲಾ ಕೇಳಿಸಿಕೊಂಡು, "ಅಂಗಾರೆ ನನ್ ನೋಟು ಕಳ್ದಾಕಿದೀರಿ ಅನ್ನಿ" ಅಂದ. "ಮುಂದಿನ್ ಶುಕ್ರವಾರ ಬತ್ತೀನಿ. ಉಡ್ಕಿ ಮಡಗಿರಿ. ಇಲ್ದಿದ್ರೆ ಸಂತೇಲಿ ನಾಕ್ ಜನಕ್ಕೆ ಏಳ್ಬೇಕಾಯ್ತದೆ."

ನಾಕು ಜನ ಅಂದರೆ ಆ ಊರಿನಲ್ಲಿ ನಾನೂರು ಜನ ಅಂತ ಅರ್ಥ. ಗುರುವಾರ ಪಕ್ಕದ ಹೋಟೆಲಿಗೆ ಹೋಗಿ ಒಂದು ಚಿಟಿಕೆ ಅರಿಶಿನ ಕೇಳಿದೆ. ಅವರು ಧಾರಾಳವಾಗಿ ಒಂದು ಹಿಡಿ ಕೊಟ್ಟರು. ಹತ್ತು ನೋಟಿನ ಅಂಚಿಗೆ ಸವರಿ ಪೆಟ್ಟಿಗೆಯಲ್ಲಿ ಬೇರೆ ಇಟ್ಟೆ. ಏಜೆಂಟರು ಪೆಟ್ಟಿಗೆ ತೆಗೆದವರು ಮೂಗು ಅರಳಿಸಿ, "ಏನಯ್ಯಾ, ತಿಜೋರಿಯಲ್ಲಿ ಚಿತ್ರಾನ್ನದ ವಾಸನೆ!" ಅಂದರು. ನಾನು ಲೆಡ್ಜರಿನಲ್ಲಿ ತಲೆ ಹುದುಗಿಸಿದೆ.

ಶುಕ್ರವಾರ ಅಜ್ಜ ಬಂದ. ನೋಟುಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಒಂದೊಂದನ್ನೂ ಮೂಸಿದ. ಹಿಡಿ ಅರಿಶಿನ ಜಾಸ್ತಿಯಾಯಿತೇನೋ ಅಂತ ನನಗೂ ಅನುಮಾನ. ಅಜ್ಜ ತಲೆಯೆತ್ತಿ, ಬೊಚ್ಚುಬಾಯಿ ಅಗಲಿಸಿ, ಹಿಂದೆ ನಿಂತಿದ್ದವರಿಗೆಲ್ಲ ಕೇಳಿಸುವ ಹಾಗೆ ಅಂದ:

"ಇವೇ ಕಣ್ರಲಾ ನನ್ ನೋಟು! ನಾ ಸವರಿದ್ದು ಒಸಿ ಅರಿಶಿನ. ನೋಡಿ ಈಗ, ಎಷ್ಟಾಗೈತೆ! ಬಡ್ಡಿ ಸೇರ್ಕಂಡೈತೆ!"

೪. ಬೆಳೆಯುವ ಸಹಿ

ಇದು ಚಿಕ್ಕದು, ಹೇಳಿ ಮುಗಿಸಿಬಿಡುತ್ತೇನೆ. ಒಬ್ಬ ಗಾರೆ ಕೆಲಸದ ಮೇಸ್ತ್ರಿ ಅಕೌಂಟು ತೆಗೆಯುವಾಗ "ಎಬ್ಬೆಟ್ಟು ಒತ್ತಕಿಲ್ಲ ಸಾ, ನಾನು ವಯಸ್ಕರ ಶಾಲೆಗೆ ಓಯ್ತಾ ಇವ್ನಿ" ಅಂತ ಎರಡೇ ಎರಡು ಅಕ್ಷರದಲ್ಲಿ ಸಹಿ ಹಾಕಿದ. ಎರಡು ತಿಂಗಳು ಬಿಟ್ಟು ದುಡ್ಡು ತೆಗೆಯಲು ಬಂದವನು ಪೂರ್ತಿ ಹೆಸರು ಬರೆದ. "ಮೊದಲಿನ ಹಾಗೆ ಹಾಕಪ್ಪಾ" ಅಂದರೆ ಕೇಳಲಿಲ್ಲ. ಏಜೆಂಟರು ಮಾದರಿ ಸಹಿಯ ಕಾರ್ಡು ಹೊಸದು ತೆಗೆದು ಅದರಲ್ಲಿ ಹಾಕಿಸಿಕೊಂಡರು. ಮುಂದಿನ ಸಲ ಹೆಸರಿನ ಜೊತೆಗೆ ತಂದೆಯ ಹೆಸರು. ಅದರ ಮುಂದಿನ ಸಲ ಊರು, ಹೋಬಳಿ, ತಾಲ್ಲೂಕು. ಚೀಟಿಯಲ್ಲಿ ಜಾಗ ಸಾಲದೆ ಹಿಂದುಗಡೆಗೂ ಹೋಯಿತು.

"ಅಲ್ಲಯ್ಯಾ, ಸಹಿ ಅಂದ ಮೇಲೆ ಮೊದಲನೇ ದಿನ ಹಾಕಿದ ಹಾಗೇ ಕೊನೇ ತನಕ ಇರಬೇಕು!" ಅಂತ ಏಜೆಂಟರು ಕೂಗಾಡಿದರು.

"ಅವಾಗ ನಂಗೆ ಬತ್ತಾ ಇದ್ದದ್ದು ಅಷ್ಟೇಯ ಸಾ. ಈಗ ಓದು ಮುಂದುವರ್ದೈತೆ" ಅಂದ ಮೇಸ್ತ್ರಿ, ಸ್ವಲ್ಪ ಬೇಸರದಿಂದಲೇ. "ನೀವು ಇದ್ಕೇ ಇಂಗ್ ಕೂಗಾಡ್ತೀರಿ. ಬರೋ ತಿಂಗ್ಳು ಒತ್ತಕ್ಷರ ಏಳ್ಕೊಡ್ತಾರಂತೆ!"

೫. ಖಾತೆ

ಹೀಗೆ ಬಿದ್ದು ಎದ್ದು ಹತ್ತು ತಿಂಗಳಿಗೆ ನೂರ ಅರವತ್ತು ಅಕೌಂಟು ಆಯಿತು. ಉಳಿದದ್ದು ಎರಡು ತಿಂಗಳು, ಬೇಕಾದದ್ದು ಇನ್ನೂ ನಲವತ್ತು. ಗಂಡಸರನ್ನು ಕೇಳಿ ಕೇಳಿ ಸಾಕಾಗಿತ್ತು. ದುಡ್ಡು ಎಲ್ಲಿದೆ ಸಾ ಅನ್ನುತ್ತಿದ್ದರು. ನಿಜವಾಗಿ ದುಡ್ಡಿದ್ದದ್ದು ಹೆಂಗಸರ ಹತ್ತಿರ. ಹಾಲು ಮಾರಿದ್ದು, ಮೊಟ್ಟೆ ಮಾರಿದ್ದು, ಹೂವು ಕಟ್ಟಿದ್ದು ಎಲ್ಲಾ ರಾಗಿ ಗುಡಾಣದ ತಳದಲ್ಲಿ ಗಂಟಾಗಿ ಕೂತಿತ್ತು. ಇದು ಹೊಳೆದ ಮೇಲೆ ಸಂತೆ ದಿನ ಬಸ್ಸು ಹತ್ತಿ ಕೊಣನೂರಿಗೆ ಹೋಗಿ ಒಂದು ಮರದ ಕೆಳಗೆ ಮೇಜು ಹಾಕಿದೆ. ಬರಬರುತ್ತಾ ಮನೆಮನೆಗೂ ಹೋಗತೊಡಗಿದೆ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಏಜೆಂಟರು "ಅಕೌಂಟು ಅನ್ನಯ್ಯ, ಜನಕ್ಕೆ ಅದೇ ರೂಢಿ" ಅಂತ ಹೇಳಿದ್ದರು. ನಾನು ಕನ್ನಡಾಭಿಮಾನಿ. ಅಕೌಂಟು ಯಾಕೆ, ಖಾತೆ ಅನ್ನೋ ಮಾತಿಲ್ಲವೇ ಅಂತ ಎಲ್ಲರ ಹತ್ತಿರವೂ "ಅಮ್ಮಾ, ನಿಮ್ಮ ಹೆಸರಿಗೇ ಖಾತೆ ಮಾಡಿಕೊಡ್ತೀನಿ" ಅನ್ನುತ್ತಿದ್ದೆ. ನಮ್ಮ ಸೀಮೆಯಲ್ಲಿ ಖಾತೆ ಮಾಡಿಕೊಡುವುದು ಅಂದರೆ ಹೊಲ ಗದ್ದೆಯನ್ನು ಸರ್ಕಾರದ ದಾಖಲೆಯಲ್ಲಿ ಇನ್ನೊಬ್ಬರ ಹೆಸರಿಗೆ ಬರೆದುಕೊಡುವುದು ಅಂತ ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಬ್ಯಾಂಕಿನ ಕುರ್ಚಿಯಲ್ಲಿ ಕೂತ ಮೇಲೆ ಮರೆತಿತ್ತು.

ಹೆಂಗಸರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಮ್ಮನೆಯೋರ್ಗೆ ಏಳ್ಬುಟ್ರೆ?"

"ಹೇಳೋದಿಲ್ಲಮ್ಮಾ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿದರೆ ನನ್ನ ಕೆಲಸವೇ ಹೋಗುತ್ತೆ."

ಅಷ್ಟು ಸಾಕಾಯಿತು. ಗುಡಾಣಗಳು ಬಾಯಿ ಬಿಟ್ಟವು. ಮೂವತ್ತೊಂಬತ್ತಾದ ದಿನ ಒಬ್ಬರು ಸೆರಗು ಹೊದ್ದುಕೊಂಡು ಮೇಜಿನ ಹತ್ತಿರ ಬಂದರು. ಮುಖ ನೋಡಿ ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಚನ್ನರಾಯಪಟ್ಟಣದ ಮೇಷ್ಟ್ರ ಹೆಂಡತಿ, ನನಗೆ ಅತ್ತೆಯಾಗಬೇಕಾದವರು! ಅವರ ತವರು ಕೊಣನೂರು ಅಂತ ನನಗೆ ಆ ತನಕ ಗೊತ್ತಿರಲಿಲ್ಲ. ಅವರು ಆಕಡೆ ಈಕಡೆ ನೋಡಿ ಮೆಲ್ಲಗೆ ಅಂದರು: "ನೀವು ನನ್ನನ್ನ ನೋಡಲಿಲ್ಲ, ನಾನು ನಿಮ್ಮನ್ನ ನೋಡಲಿಲ್ಲ. ಫಾರಂ ಕೊಡಿ." ಸೆರಗಿನ ಗಂಟು ಬಿಚ್ಚಿದರು. ನೂರ ಎಂಟು ರೂಪಾಯಿ! ಮೇಷ್ಟ್ರ ಸಂಬಳದಲ್ಲಿ ಅದನ್ನು ಹೇಗೆ ಉಳಿಸಿದರೋ, ಆ ಲೆಕ್ಕ ಮೇಷ್ಟ್ರಿಗೂ ಬರುತ್ತಿರಲಿಲ್ಲ.

ಇನ್ನೂರು ತುಂಬಿತು. ಜುಲೈ ಶುರುವಿನಲ್ಲಿ ಖಾಯಂ ಆದ ಕಾಗದ ಬಂತು. ಏಜೆಂಟರು ಎಲ್ಲರಿಗೂ ಮೈಸೂರುಪಾಕು ತರಿಸಿದರು. ಅವತ್ತೇ ಮೇಷ್ಟ್ರಿಗೆ ಕಾಗದ ಹಾಕಿ, ಲಗ್ನಪತ್ರಿಕೆಯ ದಾರಿ ಕಾಯುತ್ತಾ ಕೂತೆ. ನಾಲ್ಕನೇ ದಿನ ಅವರಿಂದ ಒಂದು ಕಾರ್ಡು ಬಂತು. ದುಂಡಗಿನ ಅಕ್ಷರ, ಕೆಂಪು ಶಾಯಿ:

"ಎರಡು ಎಕರೆ ಎಂದರೆ ಎಂಬತ್ತು ಗುಂಟೆ. ಎಂಬತ್ತನ್ನು ನಲವತ್ತು ಹೆಂಗಸರಿಗೆ ಭಾಗಿಸಿದರೆ ತಲೆಗೆ ಎರಡು ಗುಂಟೆ. ನನ್ನ ಮಗಳಿಗೆ ಶೇಷ ಸೊನ್ನೆ. ಆದ್ದರಿಂದ ಸಂಬಂಧ ಇಲ್ಲಿಗೆ ಮುಗಿಯಿತು."

ಕಾರ್ಡನ್ನು ಅಂಚೆಯವನು ಓದಿಕೊಂಡೇ ಬಂದಿದ್ದ. ಕ್ಯಾಷಿಯರು ಓದಿದರು, ಏಜೆಂಟರು ಓದಿದರು. "ಲೆಕ್ಕವೇನೋ ಸರಿಯಾಗಿದೆ" ಅಂದರು ಏಜೆಂಟರು. ನನಗೆ ತಲೆಬುಡ ತಿಳಿಯಲಿಲ್ಲ. ಮೇಷ್ಟ್ರಿಗೆ ತಲೆ ಕೆಟ್ಟಿರಬೇಕು ಅಂದುಕೊಂಡು, ಒಂದು ದಿನ ರಜಾ ಹಾಕಿ, ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ ಚನ್ನರಾಯಪಟ್ಟಣಕ್ಕೆ ಓಡಿದೆ.

ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಕೂತುಕೋ ಅನ್ನಲಿಲ್ಲ. ಒಳಬಾಗಿಲ ಹಿಂದೆ ಬಳೆಯ ಸದ್ದು. ತಾಯಿ ಮಗಳು ಇಬ್ಬರೂ ಅಲ್ಲೇ ನಿಂತಿದ್ದಾರೆ ಅಂತ ಗೊತ್ತಾಯಿತು.

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಕೊಣನೂರಿನಲ್ಲಿ ಹೆಂಗಸರ ಹೆಸರಿಗೆ ಖಾತೆ ಮಾಡಿಕೊಟ್ಟಿದ್ದು ನಿಜವೋ ಸುಳ್ಳೋ?"

ಓಹೋ, ನನ್ನ ಕೀರ್ತಿ ಇಲ್ಲಿಯ ತನಕ ಬಂದಿದೆ ಅಂತ ನನಗೆ ಒಳಗೊಳಗೇ ಖುಷಿ. "ನಿಜ ಸಾರ್."

"ಎಷ್ಟು ಜನಕ್ಕೆ?"

"ನಲವತ್ತು ಸಾರ್. ಎರಡೇ ತಿಂಗಳಲ್ಲಿ!"

"ಶಿವಶಿವಾ! ಬಾಯಲ್ಲಿ ಹೇಳೋಕೆ ನಾಚಿಕೆಯಾಗಲ್ವೇ? ಇಷ್ಟಕ್ಕೆ ನಿಲ್ಲಿಸ್ತೀಯೋ, ಇನ್ನೂ ಉಂಟೋ?"

"ನಿಮ್ಮ ಆಶೀರ್ವಾದ ಇದ್ದರೆ ನಾನೂರಕ್ಕೆ ಮುಟ್ಟಿಸಬೇಕು ಅಂತಿದೀನಿ ಸಾರ್."

ಮೇಷ್ಟ್ರು ಕಂಬ ಹಿಡಿದುಕೊಂಡರು. "ಹಾಸನದ ಬಸ್ಸಿನಲ್ಲಿ ಕೊಣನೂರಿನ ಬಳೆಗಾರ ಒಬ್ಬ ನನ್ನ ಪಕ್ಕದಲ್ಲೇ ಕೂತಿದ್ದ. ಅರಕಲಗೂಡು ಬ್ಯಾಂಕಿನ ಹುಡುಗ ಹೇಗೆ ಅಂತ ಕೇಳಿದೆ. ಏನಂದ ಗೊತ್ತೇನಯ್ಯಾ? 'ದೇವ್ರಂತಾ ಮನ್ಸ ಸಾ. ನಮ್ಮೂರ್ ಎಂಗುಸ್ರು ನಲವತ್ ಜನಕ್ಕೂ ಖಾತೆ ಮಾಡ್ಕೊಟ್ಟವ್ನೆ. ಮನೆ ಮನೆಗೂ ಬತ್ತಾನೆ. ಗಂಡಂದ್ರು ಹೊಲಕ್ಕೆ ಓದ್ಮೇಲೇ ಬತ್ತಾನೆ. ಗಂಡಂದ್ರಿಗೆ ಏಳ್ಬ್ಯಾಡಿ ಅಂತ ಅವ್ನೇ ಏಳ್ಕೊಟ್ಟವ್ನೆ' ಅಂದ! ಅದು ದೇವರಂಥಾ ಮನುಷ್ಯ ಮಾಡೋ ಕೆಲಸವಾ? ನಾನು ಹೆಜ್ಜೆ ಹಾಕಿ ಅಳೆದ ಹೊಲ ಕಣಯ್ಯ ಅದು! ತಲೆಗೆ ಎರಡೆರಡು ಗುಂಟೆ ಹಂಚಿಬಿಟ್ಟೆಯಲ್ಲ!"

ಆಗ ನನಗೆ ಹೊಳೆಯಿತು. "ಸಾರ್, ಆ ಖಾತೆ ಅಲ್ಲ ಸಾರ್, ಈ ಖಾತೆ" ಅಂತ ತೊದಲಿದೆ.

"ಯಾವ ಖಾತೆ? ಇನ್ನೊಂದು ಬೇರೆ ಉಂಟೇ?"

ಒಳಬಾಗಿಲ ಹಿಂದಿನಿಂದ ಮೇಷ್ಟ್ರ ಹೆಂಡತಿಯ ದನಿ ಬಂತು: "ಬ್ಯಾಂಕಿನಲ್ಲಿ ದುಡ್ಡಿಟ್ಟರೆ ಅದಕ್ಕೂ ಖಾತೆ ಅಂತಾರಂತಲ್ಲ?"

"ನಿನಗೆ ಯಾರೇ ಹೇಳಿದ್ದು?"

"ಯಾರೋ ಅಂತಿದ್ರಪ್ಪ, ನೀರಿಗೆ ಹೋದಾಗ."

ನಾನು ಚೀಲದಿಂದ ಏನೂ ಬರೆಯದ ಒಂದು ಹೊಸ ಪಾಸ್ ಬುಕ್ಕು ತೆಗೆದು ಮೇಷ್ಟ್ರ ಮುಂದೆ ಹಿಡಿದೆ. ಕನ್ನಡಕ ಏರಿಸಿ ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿದರು. ಇಡುವುದು ಹೇಗೆ, ತೆಗೆಯುವುದು ಹೇಗೆ, ಬಡ್ಡಿ ಯಾವಾಗ, ಎಲ್ಲಾ ಕೇಳಿದರು. ಬಡ್ಡಿ ವರ್ಷಕ್ಕೆ ಎರಡು ಸಲ, ಜೂನಿಗೊಂದು ಡಿಸೆಂಬರಿಗೊಂದು ಅಂದೆ. ಹಿರೀಸಾವೆಯ ಹೊಲದ ಕಂದಾಯದ ರಸೀತಿಯನ್ನೂ ತೋರಿಸಿದೆ. ಎಂಬತ್ತು ಗುಂಟೆಯೂ ನನ್ನ ಹೆಸರಲ್ಲೇ ಇತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ, "ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಕೊಟ್ಟ ಪ್ರಶ್ನೆಯೇ ತಪ್ಪು" ಅಂದರು. ಒಳಗೆ ಬಳೆಗಳು ಒಂದೇ ಸಮನೆ ಸದ್ದು ಮಾಡಿದವು. ನನ್ನ ಎದೆಯ ಮೇಲಿಂದ ಎರಡು ಎಕರೆ ಹೊಲವನ್ನೇ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. "ಕೂತ್ಕೊಳಯ್ಯಾ" ಅಂದರು ಮೇಷ್ಟ್ರು. "ಲಗ್ನಪತ್ರಿಕೆ ಬರೆಸೋಣ. ಲೇ, ಅಳಿಯಂದಿರಿಗೆ ಕಾಫಿ ತಾರೇ!"

ಈಗ ಅವರಿಗೂ ನಗು ಬಂದಿತ್ತು. ನನ್ನ ತೊಡೆ ತಟ್ಟಿ ಕೇಳಿದರು: "ಅಲ್ಲಯ್ಯಾ, ಆ ನಲವತ್ತು ಜನದಲ್ಲಿ ಒಬ್ಬಳಾದರೂ ಗಂಡನಿಗೆ ಹೇಳಿ ದುಡ್ಡಿಟ್ಟಳೇ?"

"ಇಲ್ಲ ಸಾರ್."

"ಛೆ ಛೆ, ಎಂಥಾ ಬೆಪ್ಪು ಗಂಡಂದಿರಪ್ಪಾ! ಮೂಗಿನ ಕೆಳಗೆ ಹೆಂಡತಿ ಗಂಟು ಮಾಡಿದರೂ ಗೊತ್ತಾಗಲ್ಲ ಅಂದರೆ! ನಮ್ಮ ಮನೇಲಿ ಅಂಥಾದ್ದೆಲ್ಲ ನಡೆಯೋ ಹಾಗಿಲ್ಲ ನೋಡು. ದಿನಾ ಪೈಸೆ ಪೈಸೆಗೂ ಲೆಕ್ಕ ಕೇಳ್ತೀನಿ. ಪಾಪ, ನಮ್ಮವಳಿಗೆ ಹತ್ತಕ್ಕೆ ಹತ್ತು ಕೂಡಿಸೋಕೂ ಬರಲ್ಲ" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಪಂಚೆಯ ಚುಂಗಿನಿಂದ ಒರೆಸಿಕೊಳ್ಳತೊಡಗಿದರು.

ಅಷ್ಟರಲ್ಲಿ ಅತ್ತೆಯವರು ಕಾಫಿ ತಂದರು. ಗಂಡನ ಕಣ್ಣು ಪಂಚೆಯ ಮರೆಯಲ್ಲಿತ್ತು. ಲೋಟ ನನ್ನ ಮುಂದಿಡಲು ಬಗ್ಗಿದವರು, ಕಿವಿಯ ಹತ್ತಿರ, ತುಟಿ ಅಲುಗಿಸದೆ ಕೇಳಿದರು:

"ಜೂನ್ ತಿಂಗಳ ಬಡ್ಡಿ ಹಾಕಿದಿರಾ?"